ವಿಶ್ರಾಂತಿಯಲ್ಲಿ ಫೇಲು

ನಮ್ಮ ಅತ್ತಿಗೆ ವಿಶ್ರಾಂತಿಯಲ್ಲಿ ಫೇಲಾದಳು.

ನಗಬೇಡಿ. ವಿಶ್ರಾಂತಿ ಒಂದು ವಿಷಯ. ವಿಶ್ವವಿದ್ಯಾಲಯದಲ್ಲಿ ಕಲಿಸುತ್ತಾರೆ. ಚಾಪೆಯ ಮೇಲೆ ಅಂಗಾತ ಮಲಗಬೇಕು, ಕಣ್ಣು ಮುಚ್ಚಬೇಕು, ಮೈಯ ಭಾರವನ್ನು ನೆಲಕ್ಕೆ ಬಿಡಬೇಕು. ಅದಕ್ಕೊಬ್ಬ ಮೇಷ್ಟ್ರು. ಅದಕ್ಕೆ ಹಾಜರಿ, ಪರೀಕ್ಷೆ, ಅಂಕ, ಫೀಸು. ಹೊರದೇಶದವರಿಗೆ ಫೀಸು ಇಲ್ಲಿಯವರ ಮೂರರಷ್ಟು. ಮಲಗುವ ನೆಲ ಮಾತ್ರ ಒಂದೇ.

ಅತ್ತಿಗೆ ಅಂದರೆ ನನ್ನ ಅಣ್ಣನ ಹೆಂಡತಿ. ನಾನೂ ಅವಳೂ ಓದಲೆಂದು ಪರದೇಶಕ್ಕೆ ಬಂದವರು. ಮೊದಲು ಅವಳು ಬಂದಳು, ಆಮೇಲೆ ನನ್ನನ್ನೂ ಎಳೆದುಕೊಂಡಳು. ಅಣ್ಣ ಊರಿನಲ್ಲಿ ಕಸದ ಗಾಡಿ ಓಡಿಸುತ್ತಾನೆ. ಅಮ್ಮ ಬೀದಿ ಗುಡಿಸಿ ಗುಡಿಸಿ ಸೊಂಟ ಕಳೆದುಕೊಂಡವಳು, ಈಗ ಮೊಮ್ಮಗಳ, ಅಂದರೆ ಅತ್ತಿಗೆಯ ಮಗಳು ಪುಟ್ಟಿಯ, ಹಿಂದೆ ಬಿದ್ದಿದ್ದಾಳೆ. ಅತ್ತಿಗೆಯ ಅಪ್ಪ ಮ್ಯಾನ್‌ಹೋಲಿಗೆ ಇಳಿದವನು ಮೇಲೆ ಬರಲಿಲ್ಲ. ಅವನ ಹೆಣ ಎತ್ತುವುದಕ್ಕೂ ನಮ್ಮವರೇ ಇಳಿಯಬೇಕಾಯಿತು. ಬೇರೆ ಯಾರೂ ಹತ್ತಿರ ಬರಲಿಲ್ಲ. ಮೂಗು ಮುಚ್ಚಿಕೊಂಡು ದೂರ ನಿಂತು ಫೋಟೋ ತೆಗೆದರು.

ಅತ್ತಿಗೆ ಆಗ ಶಾಲೆಯಲ್ಲಿದ್ದಳು. ಮನುಷ್ಯ ಇಳಿಯದ ಹಾಗೆ ಚರಂಡಿ ತೆರವು ಮಾಡುವ ಯಂತ್ರ ಮಾಡುತ್ತೇನೆ ಅಂತ ಅವತ್ತೇ ಹಟ ಹಿಡಿದಳು. ಹಟ ಹಿಡಿದೇ ಎಂಜಿನಿಯರಿಂಗ್ ಮುಗಿಸಿದಳು. ಇನ್ನೂ ಕಲಿಯಬೇಕು ಅಂತ ಇಲ್ಲಿಗೆ ಬಂದಳು. ಇಲ್ಲಿಯವರು ಅವಳಿಗೆ ಮಲಗುವುದನ್ನು ಕಲಿಸಲು ಹೊರಟರು.

ತಪ್ಪು ನಿಯಮದ್ದು. ಹೊರದೇಶದ ವಿದ್ಯಾರ್ಥಿ ಪ್ರತಿ ಸೆಮಿಸ್ಟರಿನಲ್ಲೂ ಪೂರ್ಣ ಹೊರೆ ಹೊರಬೇಕು. ಹೊರೆ ಅನ್ನುವ ಮಾತು ನನ್ನದಲ್ಲ, ಅವರದೇ. ಅಷ್ಟರಮಟ್ಟಿಗೆ ಪ್ರಾಮಾಣಿಕರು. ಪೂರ್ಣ ಹೊರೆ ಅಂದರೆ ನಾಲ್ಕು ವಿಷಯ. ಮೂರಕ್ಕೆ ಇಳಿದರೆ ನೀನು ವಿದ್ಯಾರ್ಥಿಯೇ ಅಲ್ಲ. ವಿದ್ಯಾರ್ಥಿ ಅಲ್ಲದಿದ್ದರೆ ವೀಸಾ ಇಲ್ಲ. ವೀಸಾ ಇಲ್ಲದಿದ್ದರೆ ಗಂಟುಮೂಟೆ ಕಟ್ಟು. ಇಲ್ಲಿಯ ಹುಡುಗರು ಒಂದೇ ವಿಷಯ ತೆಗೆದುಕೊಂಡು ವರ್ಷಗಟ್ಟಲೆ ಕ್ಯಾಂಟೀನಿನಲ್ಲಿ ಕೂತರೂ ಕೇಳುವವರಿಲ್ಲ.

ಅತ್ತಿಗೆಗೆ ಅದು ಕೊನೆಯ ಸೆಮಿಸ್ಟರು. ಬಾಕಿ ಉಳಿದದ್ದು ಎರಡೇ: ಒಂದು ತರಗತಿ, ಇನ್ನೊಂದು ಅವಳ ಯಂತ್ರ. ಹೊರದೇಶದ ವಿದ್ಯಾರ್ಥಿಗಳನ್ನು ನೋಡಿಕೊಳ್ಳುವ ಆಫೀಸಿಗೆ ಇಬ್ಬರೂ ಹೋದೆವು. ಅಲ್ಲಿಯ ಅಧಿಕಾರಿಣಿಗೆ ನಾವಿಟ್ಟ ಹೆಸರು ಸಕ್ಕರೆ ಮೇಡಂ. ಮೇಜಿನ ಮೇಲೆ ಗಾಜಿನ ಬೋಗುಣಿಯ ತುಂಬ ಪೆಪ್ಪರ್‌ಮೆಂಟು. ಇಲ್ಲ ಅನ್ನಬೇಕಾದಾಗಲೆಲ್ಲ ಬೋಗುಣಿಯನ್ನು ನಮ್ಮ ಕಡೆಗೆ ತಳ್ಳುತ್ತಾಳೆ. ಅವಳು ಅವಳ ಭಾಷೆಯಲ್ಲಿ ಆಡಿದ್ದನ್ನು ನಾನು ನಮ್ಮ ಮಾತಿನಲ್ಲಿ ಹೇಳುತ್ತಿದ್ದೇನೆ, ಅಷ್ಟೇ.

"ಎರಡು ಮುಗಿದ್ರೆ ನನ್ನ ಓದು ಮುಗೀತು ಮೇಡಂ. ಈ ಸಲ ಎರಡೇ ತಗೋತೀನಿ," ಅಂದಳು ಅತ್ತಿಗೆ.

"ಅಯ್ಯೋ, ಆಗಲ್ವಲ್ಲಾ. ನಾಲ್ಕು ಆಗ್ಲೇಬೇಕು."

"ಇನ್ನೆರಡು ಯಾವ್ದು ತಗೊಳ್ಲಿ?"

"ಯಾವ್ದಾದ್ರೂ ಸರಿ. ನಿಮ್ಮಿಷ್ಟ."

"ನನ್ನಿಷ್ಟ ಅಂದ್ರೆ ಯಾವ್ದೂ ಬೇಡ."

"ಅದೊಂದು ಬಿಟ್ಟು," ಅಂದಳು ಮೇಡಂ. ಬೋಗುಣಿ ನಮ್ಮ ಕಡೆ ಬಂತು.

ಸೀಟು ಖಾಲಿ ಇದ್ದದ್ದು ಎರಡರಲ್ಲಿ. ಒಂದು, ಮಣ್ಣಿನ ಪಾತ್ರೆ ಮಾಡುವುದು. ಇನ್ನೊಂದು ವಿಶ್ರಾಂತಿ ವಿದ್ಯೆ. ಮಣ್ಣಿನ ಪಾತ್ರೆಯ ತರಗತಿಯಲ್ಲಿ ಅತ್ತಿಗೆ ಸುಮ್ಮನೆ ಪೈಪು ಮಾಡಿದಳು. ಉದ್ದ ಪೈಪು, ಗಿಡ್ಡ ಪೈಪು, ಬಾಗಿದ ಪೈಪು. ಹೂದಾನಿ ಇರಬೇಕು ಅಂದುಕೊಂಡು ಆ ಮೇಷ್ಟ್ರು ಮೆಚ್ಚಿ ಅಂಕ ಕೊಟ್ಟರು. ತೊಂದರೆ ಆದದ್ದು ವಿಶ್ರಾಂತಿಯಲ್ಲಿ.

ಯಾಕೆ ಅಂತ ತಿಳಿಯಬೇಕಾದರೆ ಅವಳ ಬೆಳಗನ್ನು ನೋಡಬೇಕು.

ಒಂದು ದೊಡ್ಡ ಹೋಟೆಲಿನ ನೆಲಮಾಳಿಗೆಯ ಲಾಂಡ್ರಿಯಲ್ಲಿ ಅವಳಿಗೆ ಕೆಲಸ. ಮೇಲೆ ಮಲಗಿ ಎದ್ದವರ ಹಾಸುಹೊದಿಕೆಯೆಲ್ಲ ಕೊಳವೆಯಲ್ಲಿ ಜಾರಿ ಕೆಳಗೆ ಬೀಳುತ್ತದೆ. ವಾಂತಿ, ರಕ್ತ, ಚೆಲ್ಲಿದ ಹೆಂಡ, ಎಲ್ಲ ಅದರಲ್ಲೇ. ಕೈಯಲ್ಲೇ ಬೇರ್ಪಡಿಸಬೇಕು. ಗ್ಲೌಸು ಕೊಡುತ್ತಾರೆ, ತೂತಿನದು. ಯಂತ್ರದಿಂದ ಎಳೆದ ಒದ್ದೆ ಬಟ್ಟೆಯ ಮುದ್ದೆ ಒಂದಾಳಿನ ಭಾರ. ಅದನ್ನು ಇಬ್ಬರು ಎರಡು ತುದಿ ಹಿಡಿದು ಜಾಡಿಸಬೇಕು. ಭುಜ ಕಿತ್ತು ಬರುತ್ತದೆ. ಆಮೇಲೆ ಬಿಸಿ ರೋಲರಿಗೆ ಕೊಡಬೇಕು. ರೋಲರು ನಿಲ್ಲುವುದಿಲ್ಲ. ಬೆರಳು ಹಿಂದಕ್ಕೆಳೆದುಕೊಳ್ಳುವುದು ತಡವಾದರೆ ಬೆರಳಿಗೂ ಇಸ್ತ್ರಿ. ಅತ್ತಿಗೆಯ ಎಡಗೈಯ ಬೆರಳ ತುದಿಗಳಲ್ಲಿ ಗೆರೆಗಳೇ ಇಲ್ಲ, ನುಣ್ಣಗೆ ಹೊಳೆಯುತ್ತವೆ. ಬೆಳಗಿನ ಜಾವ ಹೋದವಳು ಮೈಯೆಲ್ಲ ಹಬೆ ಹೊತ್ತುಕೊಂಡು ನೇರ ಕಾಲೇಜಿಗೆ ಬರುತ್ತಿದ್ದಳು. ಬಂದ ಕೂಡಲೇ ಮೊದಲನೇ ತರಗತಿ, ವಿಶ್ರಾಂತಿ.

ಮಧ್ಯಾಹ್ನ ಕೋಣೆಗೆ ಹೋಗಿ ಮಲಗೋಣ ಅಂದರೆ ಅದೂ ಆಗದು. ನಮ್ಮ ಕೋಣೆ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ಮೇಲೆ. ಬಾಡಿಗೆ ಕಮ್ಮಿ. ಯಾಕೆ ಕಮ್ಮಿ ಅಂತ ಮೊದಲ ದಿನವೇ ಗೊತ್ತಾಯಿತು. ಹಗಲಿಡೀ ಕೆಳಗಿನಿಂದ ಕೊರೆಯುವ ಸದ್ದು. ಯಾರದೋ ದವಡೆ, ಜುಮ್ಮೆನ್ನುವುದು ನಮ್ಮ ಹಲ್ಲು.

ನಾನೂ ಆ ವಿಶ್ರಾಂತಿ ತರಗತಿಯಲ್ಲಿದ್ದೆ. ನನಗೂ ಹೊರೆ ತುಂಬಬೇಕಿತ್ತಲ್ಲ. ನನ್ನ ಕೆಲಸ ಸಂಜೆಯದು, ಆಸ್ಪತ್ರೆಯ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವುದು. ಹಾಗಾಗಿ ಬೆಳಿಗ್ಗೆ ಎಚ್ಚರವಾಗಿರುತ್ತಿದ್ದೆ. ಕಣ್ಣು ಮುಚ್ಚಿಕೊಂಡು ತರಗತಿಯುದ್ದಕ್ಕೂ ಬಾಡಿಗೆಯ ಚಿಂತೆ ಮಾಡುತ್ತಿದ್ದೆ. ನನಗೆ ಒಳ್ಳೆಯ ಅಂಕ ಬಂತು.

ಮೇಷ್ಟ್ರು ಬಿಳಿ ಪೈಜಾಮ ಹಾಕಿಕೊಂಡು ಬೆಕ್ಕಿನ ಹೆಜ್ಜೆ ಇಡುತ್ತಿದ್ದರು. ಮಾತೆಲ್ಲ ಪಿಸುಮಾತು.

"ನಿಮ್ಮ ಬಲಗಾಲಿನ ಹೆಬ್ಬೆರಳನ್ನು ಗಮನಿಸಿ. ಅದರ ಭಾರವನ್ನು ಬಿಟ್ಟುಬಿಡಿ..."

ಅತ್ತಿಗೆ ಹೆಬ್ಬೆರಳಿಗೆ ಮುಂಚೆಯೇ ಎಲ್ಲ ಬಿಟ್ಟಿರುತ್ತಿದ್ದಳು. ಮೇಷ್ಟ್ರು ಮೊಣಕಾಲಿಗೆ ಬರುವಷ್ಟರಲ್ಲಿ ಗೊರಕೆ ಶುರು. ಸಣ್ಣ ಗೊರಕೆ ಅಲ್ಲ. ನಮ್ಮ ಅಣ್ಣನ ಕಸದ ಗಾಡಿ ಏರು ಹತ್ತುವಾಗ ಬರುವಂಥದ್ದು.

ಮೇಷ್ಟ್ರು ಅವಳ ಭುಜ ಮುಟ್ಟಲಿಲ್ಲ. ಒಂದು ಕೋಲಿನಿಂದ ಚಾಪೆಯ ಅಂಚನ್ನು ತಟ್ಟಿದರು.

"ಇದು ನಿದ್ದೆ. ವಿಶ್ರಾಂತಿ ಅಲ್ಲ."

"ಎರಡೂ ಒಂದೇ ಅಲ್ವಾ ಸಾರ್?" ಅತ್ತಿಗೆ ಗಾಬರಿಯಿಂದ ಎದ್ದು ಕೂತಳು.

"ವಿಶ್ರಾಂತಿಗೆ ಎಚ್ಚರ ಬೇಕು. ನಿದ್ದೆ ಯಾರು ಬೇಕಾದರೂ ಮಾಡ್ತಾರೆ."

ತರಗತಿ ನಕ್ಕಿತು. ಅತ್ತಿಗೆಯೂ ನಕ್ಕಳು. ಮೊದಲ ದಿನ ಎಲ್ಲರೂ ನಗಬಹುದು.

ಮಾರನೇ ವಾರ ಅವಳನ್ನು ಗೋಡೆಗೆ ಒರಗಿ ನಿಂತುಕೊಂಡೇ ವಿಶ್ರಾಂತಿ ಪಡೆಯಿರಿ ಅಂದರು. ನಿಂತವಳು ಗೋಡೆಗುಂಟ ಮೆಲ್ಲಗೆ ಜಾರಿ ಕುಸಿದಳು. ಕುಸಿದಲ್ಲೇ ಗೊರಕೆ. ಮೊಬೈಲಿನಲ್ಲಿ ಹಿಡಿದುಕೊಂಡವರೂ ಇದ್ದರು. ಅದರ ಮುಂದಿನ ವಾರ, ಉಳಿದವರಿಗೆ ತೊಂದರೆ ಆಗುತ್ತದೆ ಅಂತ, ಅವಳ ಚಾಪೆಯನ್ನು ಬಾಗಿಲ ಹತ್ತಿರ ಹಾಕಿಸಿದರು. ಬಾಗಿಲ ಹತ್ತಿರ ಅಂದರೆ ಎಲ್ಲರೂ ಚಪ್ಪಲಿ, ಬೂಟು ಬಿಡುವ ಜಾಗ. ಮೂಗಿನ ಪಕ್ಕದಲ್ಲೇ ಬೂಟುಗಳ ಸಾಲು.

ಅದೇ ತರಗತಿಯಲ್ಲಿ ಇಲ್ಲಿಯವನೇ ಒಬ್ಬ ಹುಡುಗ ಇದ್ದ, ಸೈಕಲ್ ರೇಸಿನವನು. ಅವನದು ಅದೊಂದೇ ವಿಷಯ. ಅವನೂ ನಿದ್ದೆ ಹೋಗುತ್ತಿದ್ದ. ಅವನಿಗೂ ಗೊರಕೆ ಇತ್ತು. ಮೇಷ್ಟ್ರು ಅವನಿಗೆ ಹೊದಿಕೆ ಹೊದಿಸಿದರು. "ಪಾಪ, ದಣಿದಿದ್ದಾನೆ" ಅಂತ ಪಿಸುಗುಟ್ಟಿದರು.

ಅವತ್ತು ಅತ್ತಿಗೆ ಕೋಣೆಗೆ ಬಂದವಳೇ ಗೋಡೆಗೊರಗಿ ಕೂತಳು. ಚಹಾ ಕೊಟ್ಟರೆ ಕುಡಿಯಲಿಲ್ಲ. ಕೆಳಗೆ ಡಾಕ್ಟರು ಕೊರೆಯುತ್ತಿದ್ದರು.

"ನಮ್ಮಮ್ಮ ನನ್ನನ್ನ ಶಾಲೆಗೆ ಸೇರಿಸಿದಾಗ ಚಪ್ಪಲಿ ಬಿಡೋ ಕಡೆ ಕೂರಿಸಿದ್ರು ಕಣೇ," ಅಂದಳು ಕೊನೆಗೆ. "ಇಷ್ಟು ದೂರ ಬಂದ್ರೂ ಅಲ್ಲೇ ಬಂದು ಕೂತೆ ನೋಡು."

ನನಗೆ ಮೈ ಉರಿಯಿತು. ಆ ಪೈಜಾಮದ ಲಾಡಿ ಕತ್ತರಿಸಿ ಬರುತ್ತೇನೆ ಅಂದೆ.

"ಕತ್ತರಿಸಿದ್ರೆ ಅದಕ್ಕೂ ವಿಶ್ರಾಂತಿ ಸಿಗುತ್ತೆ, ಬಿಡು," ಅಂದಳು. ಅಷ್ಟಕ್ಕೆ ಇಬ್ಬರಿಗೂ ನಗು ಬಂತು. ನಗುತ್ತಲೇ ಅವಳು ಅತ್ತಳು. ನಾನು ಬೇರೆ ಕಡೆ ನೋಡಿದೆ.

ಸೆಮಿಸ್ಟರು ಮುಗಿಯುವ ಹೊತ್ತಿಗೆ ಮೇಷ್ಟ್ರು ಹಾಜರಿ ಹಾಕಿದರು. ನಿದ್ದೆ ಹೋದವರೆಲ್ಲ ಗೈರುಹಾಜರಿ. ಮೈ ಇತ್ತು, ಮನಸ್ಸು ಇರಲಿಲ್ಲವಂತೆ. ಗೈರುಹಾಜರಿ ಜಾಸ್ತಿಯಾದ್ದರಿಂದ ಫೇಲು. ಸೈಕಲ್ ಹುಡುಗ ಪಾಸು. ಅತ್ತಿಗೆ ಫೇಲು. ನಮ್ಮ ಜೊತೆಗಿದ್ದ ಬೇಕರಿಯವನೂ ಫೇಲು. ಅವನು ಇನ್ನೊಂದು ದೇಶದವನು, ಚರಿತ್ರೆ ಓದುತ್ತಿದ್ದವನು. ರಾತ್ರಿಯೆಲ್ಲ ಹಿಟ್ಟು ನಾದಿ ಬೆಳಿಗ್ಗೆ ತರಗತಿಗೆ ಬರುತ್ತಿದ್ದ. ರೆಪ್ಪೆಯ ಮೇಲೂ ಹಿಟ್ಟು.

ನಾಲ್ಕರಲ್ಲಿ ಒಂದು ಬಿದ್ದರೆ ಮೂರು. ಮೂರು ಅಂದರೆ ಹೊರೆ ಕಮ್ಮಿ. ಹೊರೆ ಕಮ್ಮಿಯಾದರೆ ದೇಶ ಬಿಡು. ಅತ್ತಿಗೆಯ ಯಂತ್ರ ಪ್ರಯೋಗಾಲಯದಲ್ಲಿ ಅರ್ಧಕ್ಕೆ ನಿಂತಿತ್ತು. ಇನ್ನೊಂದಿಷ್ಟು ವಾರ ಸಿಕ್ಕರೆ ಮುಗಿಯುತ್ತಿತ್ತು.

ಆಗ ಬೇಕರಿಯವನು ಒಂದು ಮಾತು ಹೇಳಿದ. ಅವನ ಚಿಕ್ಕಪ್ಪನ ಮಗಳು ಇದೇ ಊರಿನ ಇನ್ನೊಂದು ವಿಶ್ವವಿದ್ಯಾಲಯದಲ್ಲಿ ಓದಿದವಳು. ಕೊನೆಯ ಸೆಮಿಸ್ಟರಿನಲ್ಲಿ ಒಂದೇ ವಿಷಯ ತೆಗೆದುಕೊಂಡಿದ್ದಳು. ಯಾರೂ ಅವಳನ್ನು ಕಳಿಸಿರಲಿಲ್ಲ.

ಮತ್ತೆ ಸಕ್ಕರೆ ಮೇಡಂ ಹತ್ತಿರ ಹೋದೆವು.

"ಕೊನೇ ಸೆಮಿಸ್ಟರಿನಲ್ಲಿ ಬಾಕಿ ಇರೋದಷ್ಟೇ ತಗೋಬಹುದಂತಲ್ಲ ಮೇಡಂ? ಕಾನೂನಿನಲ್ಲಿ ಅವಕಾಶ ಇದ್ಯಂತೆ?" ಅಂದಳು ಅತ್ತಿಗೆ.

"ಇದೆ."

"ಮತ್ತೆ?"

"ನಮ್ಮಲ್ಲಿ ಆ ಪದ್ಧತಿ ಇಟ್ಕೊಂಡಿಲ್ಲ."

"ಯಾಕೆ?"

ಮೇಡಂ ಬೋಗುಣಿಯತ್ತ ಕೈ ಚಾಚಿದಳು. ಉತ್ತರ ನಮಗೇ ಹೊಳೆಯಿತು. ಹೊರದೇಶದವರು ಸೇರದಿದ್ದರೆ ಆ ಚಾಪೆಗಳೆಲ್ಲ ಖಾಲಿ. ಚಾಪೆ ಖಾಲಿಯಾದರೆ ಮೂರು ಪಾಲು ಫೀಸೂ ಖಾಲಿ. ಬೋಗುಣಿ ನಮ್ಮ ಕಡೆ ಜಾರಿ ಬಂತು.

"ಬೇಡ," ಅಂದಳು ಅತ್ತಿಗೆ. ಬೋಗುಣಿಯನ್ನು ವಾಪಸು ತಳ್ಳಿದಳು. ಸಾವಕಾಶವಾಗಿ, ಮೇಡಂನ ಎದೆಗೆ ತಾಗುವವರೆಗೂ ತಳ್ಳಿದಳು. "ನಿಮ್ಮ ಇಲ್ಲವನ್ನ ಬರೀ ಬಾಯಲ್ಲೇ ಹೇಳಿ."

ಅವತ್ತು ಊರಿಗೆ ಫೋನು ಮಾಡಿದೆವು. ಅಮ್ಮ ಎತ್ತಿದಳು. ಪುಟ್ಟಿ ಪಕ್ಕದಲ್ಲೇ ಇತ್ತು.

"ಫೇಲಾದ್ಯಾ? ಯಾವುದ್ರಲ್ಲಿ?" ಅಂದಳು ಅಮ್ಮ.

"ಮಲಗೋದ್ರಲ್ಲಿ ಅತ್ತೆ."

"ಏನು?"

"ಮಲಗೋದ್ರಲ್ಲಿ."

"ಅಜ್ಜೀ, ನಾನು ಚೆನ್ನಾಗಿ ಮಲಗ್ತೀನಿ, ನನ್ನ ಕಳಿಸು," ಅಂತ ಪುಟ್ಟಿ ಕೂಗಿದ್ದು ಕೇಳಿಸಿತು. ಅತ್ತಿಗೆ ಎಲ್ಲವನ್ನೂ ಬಿಡಿಸಿ ಹೇಳಿದಳು. ನಾಲ್ಕು ವಿಷಯ, ಹೊರೆ, ಬೂಟಿನ ಜಾಗ, ವೀಸಾ.

ಅಮ್ಮ ಕೇಳಿಸಿಕೊಂಡಳು. ಆಮೇಲೆ ಬಾಯಿ ಬಿಟ್ಟಳು. ಮೊದಲು ಬಂದದ್ದು ಬೈಗುಳ. ಅದನ್ನು ಬರೆಯಲಾಗುವುದಿಲ್ಲ. ಎರಡನೆಯದು ಇದು:

"ನಾನು ಚಿಕ್ಕೋಳಿದ್ದಾಗ ಓದ್ತೀನಿ ಅಂತ ಒಳಗೆ ಹೋದೆ. ಹೊರಗೆ ಹಾಕಿದ್ರು. ನೀನು ಇಷ್ಟು ಓದಿದ್ದು ಸಾಕು ಅಂತಿದೀಯ. ನಿನ್ನೂ ಹೊರಗೆ ಹಾಕ್ತಾರೆ. ಜಾಸ್ತಿ ಅಂದ್ರೂ ಅದೇ, ಕಮ್ಮಿ ಅಂದ್ರೂ ಅದೇ. ಅವರಿಗೆ ಬೇಕಾಗಿರೋದು ಓದಲ್ಲ ಕಣಮ್ಮ, ನಾವು ತಲೆ ಬಗ್ಗಿಸೋದು."

"ಏನ್ಮಾಡ್ಲಿ ಅತ್ತೆ?"

"ಮಲಗು ಅಂದೋರು ಅವರೇ ತಾನೆ? ಮಲಗು. ಏಳು ಅಂದಾಗ ಏಳ್ಬೇಡ."

ಅತ್ತಿಗೆ ನನ್ನ ಮುಖ ನೋಡಿದಳು. ನಾನು ಅವಳ ಮುಖ ನೋಡಿದೆ. ಅತ್ತೆ ಸೊಸೆ ಒಂದಾದರೆ ಏನಾಗುತ್ತದೆ ಅಂತ ನಮ್ಮ ಅಣ್ಣನಿಗೆ ಗೊತ್ತು. ಆ ವಿಶ್ವವಿದ್ಯಾಲಯಕ್ಕೆ ಇನ್ನೂ ಗೊತ್ತಿರಲಿಲ್ಲ.

ಅವಕಾಶ ತಾನಾಗಿಯೇ ಒದಗಿತು. ದೊಡ್ಡ ಸಭಾಂಗಣದಲ್ಲಿ ಮೇಷ್ಟ್ರದ್ದೊಂದು ಪ್ರದರ್ಶನ ಇತ್ತು. ಮುಖ್ಯ ಅತಿಥಿ ಒಂದು ಹಾಸಿಗೆ ಕಂಪನಿಯ ಯಜಮಾನ. ಅವನು ಮನಸ್ಸು ಮಾಡಿದರೆ ವಿಶ್ರಾಂತಿ ವಿದ್ಯೆಗೇ ಅಂತ ಒಂದು ಭವನ ಕಟ್ಟಿಸಿಕೊಡುತ್ತಾನೆ. ಡೀನ್ ಬರುತ್ತಾರೆ, ಸಕ್ಕರೆ ಮೇಡಂ ಬರುತ್ತಾಳೆ, ಪತ್ರಿಕೆಯವರೂ ಬರುತ್ತಾರೆ. ಕಾಲೇಜಿನ ಗೋಡೆಗಳ ಮೇಲೆಲ್ಲ ಪೋಸ್ಟರು: "ಎಲ್ಲ ವಿದ್ಯಾರ್ಥಿಗಳಿಗೂ ಸ್ವಾಗತ. ನಿಮ್ಮ ಆಯಾಸವನ್ನು ತನ್ನಿ."

ತಂದೆವು.

ನಾನೂ ಬೇಕರಿಯವನೂ ಓಡಾಡಿದೆವು. ಲಾಂಡ್ರಿಗೆ ಹೋದೆ. ಆಸ್ಪತ್ರೆಯ ಅಡುಗೆಮನೆಯಲ್ಲಿ ಹೇಳಿದೆ. ಅವನು ಬೇಕರಿಯಲ್ಲಿ, ಮೀನಿನ ಗೋದಾಮಿನಲ್ಲಿ, ಪೆಟ್ರೋಲ್ ಬಂಕುಗಳಲ್ಲಿ ಹೇಳಿದ. ಎಲ್ಲ ಕಡೆಯೂ ನಮ್ಮಂಥವರೇ. ಹಗಲು ಹೊರೆ ಹೊರುವವರು, ಉಳಿದ ಹೊತ್ತು ಆ ಹೊರೆಗೆ ದುಡಿಯುವವರು.

"ಘೋಷಣೆ ಕೂಗ್ಬೇಡಿ," ಅಂದೆ ನಾನು. "ಬೋರ್ಡು ಹಿಡೀಬೇಡಿ. ಸ್ನಾನ ಮಾಡ್ಬೇಡಿ, ಬಟ್ಟೆನೂ ಬದಲಾಯಿಸ್ಬೇಡಿ. ಕೆಲಸ ಮುಗಿಸಿ ನೇರ ಬನ್ನಿ. ಮೇಷ್ಟ್ರು ಹೇಳಿದ ಹಾಗೆ ಮಾಡಿ, ಸಾಕು."

"ನಿದ್ದೆ ಬಂದ್ರೆ?" ಅಂದ ಮೀನಿನ ಗೋದಾಮಿನವನು.

"ಬರ್ಲಿ ಅಂತಾನೇ ಕರೀತಿರೋದು."

ಸಭಾಂಗಣದಲ್ಲಿ ನೆಲದ ತುಂಬ ಚಾಪೆ ಹಾಸಿದ್ದರು. ವೇದಿಕೆಯ ಮೇಲೆ ಹೂವು. ನಾವು ಒಳಗೆ ಹೋದ ಕೂಡಲೇ ಹೂವಿನ ವಾಸನೆ ಸತ್ತಿತು. ಬ್ಲೀಚು, ಹುಳಿ ಹಿಟ್ಟು, ಮೀನು, ಪೆಟ್ರೋಲು. ಸಕ್ಕರೆ ಮೇಡಂ ಕರವಸ್ತ್ರ ತೆಗೆದಳು. ಅತ್ತಿಗೆ ಬಾಗಿಲ ಬಳಿ ನಿಲ್ಲಲಿಲ್ಲ. ಚಾಪೆಗಳ ನಡುವೆ ನಡೆದುಕೊಂಡು ಹೋಗಿ ಸಭಾಂಗಣದ ನಟ್ಟನಡುವೆ, ಅತಿಥಿಯ ಕುರ್ಚಿಗೆ ಎದುರಾಗಿ ಮಲಗಿದಳು. ಅವಳ ಸುತ್ತ ಉಳಿದವರು ಮಲಗಿದರು. ನಾನೂ ಮಲಗಿದೆ. ಆದರೆ ಒಬ್ಬರಾದರೂ ಎಚ್ಚರ ಇರಬೇಕಲ್ಲ. ಆ ಕೆಲಸ ನನ್ನದಾಗಿತ್ತು.

ಇಷ್ಟೊಂದು ಜನ ಬಂದದ್ದು ನೋಡಿ ಮೇಷ್ಟ್ರು ಉಬ್ಬಿಹೋದರು. ಮೈಕಿನಲ್ಲಿ ಪಿಸುಗುಟ್ಟತೊಡಗಿದರು.

"ನಿಮ್ಮ ಬಲಗಾಲಿನ ಹೆಬ್ಬೆರಳನ್ನು ಗಮನಿಸಿ..."

ಹೆಬ್ಬೆರಳಿನಾಚೆ ಯಾರೂ ಹೋಗಲಿಲ್ಲ. ಮೊದಲು ಬೇಕರಿಯವನು. ಆಮೇಲೆ ಲಾಂಡ್ರಿಯ ಹೆಂಗಸರು, ಸಾಲಾಗಿ. ಆಮೇಲೆ ಅತ್ತಿಗೆಯ ಕಸದ ಗಾಡಿ ಏರು ಹತ್ತಿತು. ಸಭಾಂಗಣದ ಕಿಟಕಿಯ ಗಾಜು ನಡುಗುವಷ್ಟು ಗೊರಕೆ. ನಾಟಕ ಅಲ್ಲ. ಒಬ್ಬರೂ ನಟಿಸಲಿಲ್ಲ. ಅಷ್ಟೂ ಜನ ಸತ್ತ ಹಾಗೆ ನಿದ್ದೆ ಹೋಗಿದ್ದರು. ಬಾಯಿ ತೆರೆದಿತ್ತು. ಅಂಗೈ ಮೇಲಾಗಿತ್ತು. ಎಷ್ಟು ಅಂಗೈ, ಅಷ್ಟು ಬೊಕ್ಕೆ, ಸುಟ್ಟ ಕಲೆ, ಕೊಯ್ದ ಗಾಯ. ಅರೆಗಣ್ಣಿನಲ್ಲಿ ಒಂದೊಂದನ್ನೂ ನೋಡಿದೆ. ಕಿಡಿಗೇಡಿತನ ಮಾಡೋಣ ಅಂತ ಬಂದಿದ್ದೆ. ಇವರಿಗೆ ನಿಜಕ್ಕೂ ಬೇಕಾದದ್ದು ಇಷ್ಟೇ ಅಂತ ಅಲ್ಲಿ ಮಲಗಿದಾಗ ತಿಳಿಯಿತು.

ಪ್ರದರ್ಶನ ಮುಗಿಯಿತು. ಮೇಷ್ಟ್ರು ಗಂಟೆ ಬಾರಿಸಿದರು. "ಈಗ ಮೆಲ್ಲಗೆ ಏಳಿ."

ಯಾರೂ ಏಳಲಿಲ್ಲ.

ಮತ್ತೆ ಗಂಟೆ. ಮತ್ತೆ. ಪಿಸುಮಾತು ಹೋಗಿ ನಿಜವಾದ ದನಿ ಬಂತು. "ಏಳ್ರೀ!"

ಡೀನ್ ಎದ್ದು ನಿಂತರು. ಬಾಗಿಲಿನ ಸೆಕ್ಯುರಿಟಿಯವನನ್ನು ಕರೆದು ಎಲ್ಲರನ್ನೂ ಎಬ್ಬಿಸು ಅಂದರು. ಅವನೂ ನಮ್ಮಂಥ ವಿದ್ಯಾರ್ಥಿಯೇ, ಕಾಲೇಜಿನ ಸಮವಸ್ತ್ರ ಹಾಕಿಕೊಂಡಿದ್ದ ಅಷ್ಟೇ. ಅವನು ಡೀನ್ ಮುಖ ನೋಡಿದ, ಚಾಪೆಗಳನ್ನು ನೋಡಿದ. ಟೋಪಿ ತೆಗೆದು, ಬೆಲ್ಟು ಸಡಿಲಿಸಿ, ಖಾಲಿ ಇದ್ದ ಒಂದು ಚಾಪೆ ಹುಡುಕಿ ಮಲಗಿಬಿಟ್ಟ.

ಹಾಸಿಗೆ ಕಂಪನಿಯ ಯಜಮಾನ ಕುರ್ಚಿಯಿಂದ ಮುಂದೆ ಬಗ್ಗಿದ. "ಇವರು ಯಾಕೆ ಏಳ್ತಿಲ್ಲ?"

ಡೀನ್ ಮೇಷ್ಟ್ರನ್ನು ನೋಡಿದರು. ಮೇಷ್ಟ್ರು ಬೆವರಿದರು. ಪಾಠ ಕೆಟ್ಟಿತು ಅಂದರೆ ಭವನ ಹೋಗುತ್ತದೆ. ಪೈಜಾಮದಲ್ಲಿ ಕೈ ಒರೆಸಿಕೊಂಡರು.

"ಇದು ಗಾಢ ವಿಶ್ರಾಂತಿ ಸಾರ್. ನಮ್ಮ ವಿದ್ಯೆಯ ಕೊನೇ ಹಂತ. ತುಂಬಾ ಸಾಧನೆ ಮಾಡಿದವರಿಗೆ ಮಾತ್ರ ಇದು ಸಿಗೋದು."

"ಅದ್ಭುತ! ನಮ್ಮ ಹಾಸಿಗೆ ಮೇಲೂ ಹೀಗೆ ಯಾರೂ ಮಲಗಿಲ್ಲ!" ಯಜಮಾನ ಚಪ್ಪಾಳೆ ತಟ್ಟಿದ. ಪತ್ರಿಕೆಯವರು ಫೋಟೋ ಹೊಡೆದರು.

ನಾನು ಎದ್ದು ಕೂತೆ. ಕೈ ಎತ್ತಿದೆ, ಒಳ್ಳೆಯ ವಿದ್ಯಾರ್ಥಿನಿಯ ಹಾಗೆ.

"ಸಾರ್, ಹಾಗಾದ್ರೆ ಇವರೆಲ್ಲ ಪಾಸಾ?"

ಮೇಷ್ಟ್ರು ನನ್ನನ್ನು ನೋಡಿದ ನೋಟ ಇವತ್ತಿಗೂ ನೆನಪಿದೆ. ವಿಶ್ರಾಂತಿಯ ಸುಳಿವೇ ಇರಲಿಲ್ಲ ಅದರಲ್ಲಿ.

"ಪಾಸು," ಅಂದರು.

"ಈ ಮುಂಚೆ ಗೈರುಹಾಜರಿ ಹಾಕಿದ್ರಲ್ಲ ಸಾರ್, ಅದು?"

"ಹಾಜರಿ."

"ಎಲ್ಲರದೂನಾ?"

"ಎಲ್ಲರದೂ!"

ನಾನು ಅತ್ತಿಗೆಯ ಕಿವಿಯ ಹತ್ತಿರ ಬಗ್ಗಿದೆ. "ಅತ್ತಿಗೆ, ಪಾಸಂತೆ. ಗೆದ್ವಿ. ಏಳು."

ಅತ್ತಿಗೆ ಒಂದು ಕಣ್ಣು ಬಿಟ್ಟಳು. "ಏಳಲ್ಲ."

ಇದು ನಾವು ಮಾತಾಡಿಕೊಂಡದ್ದಲ್ಲ.

"ನಂದು ಪಾಸಾಯ್ತು. ಮುಂದಿನ ಸಲ ಇನ್ನೊಬ್ಬಳು ಬರ್ತಾಳಲ್ಲ, ಕೊನೇ ಸೆಮಿಸ್ಟರಿನೋಳು? ಅವಳ್ನೂ ಬೂಟಿನ ಪಕ್ಕ ಮಲಗಿಸ್ತಾರೆ. ಡೀನ್‌ನ ಕರಿ."

ಡೀನ್ ತಾವೇ ಬಂದರು. ಚಾಪೆಗಳ ನಡುವೆ ಕಾಲಿಡಲು ಜಾಗ ಹುಡುಕಿಕೊಂಡು, ಮೀನಿನ ಗೋದಾಮಿನವನನ್ನು ದಾಟಿ ಬಂದು ನಿಂತರು. ಅತ್ತಿಗೆ ತುಟಿ ಅಲ್ಲಾಡಿಸಿದಳು.

"ಕೇಳಿಸ್ತಿಲ್ಲ. ಎದ್ದು ಜೋರಾಗಿ ಹೇಳಿ," ಅಂದರು ಡೀನ್.

"ಏಳೋ ಶಕ್ತಿ ಇಲ್ಲ ಸಾರ್. ಪೂರ್ಣ ಹೊರೆ ಇದೆ ಮೇಲೆ. ನೀವೇ ಬಗ್ಗಿ."

ಡೀನ್ ಸುತ್ತ ನೋಡಿದರು. ಕ್ಯಾಮೆರಾಗಳು ಇವರ ಕಡೆಗೇ ತಿರುಗಿದ್ದವು. ಬಗ್ಗಿದರು. ಸಾಲಲಿಲ್ಲ. ಇಸ್ತ್ರಿ ಮಾಡಿದ ಪ್ಯಾಂಟಿನ ಗೆರೆ ಮುರಿದು ಮೊಣಕಾಲೂರಿದರು. ಟೈ ಅತ್ತಿಗೆಯ ಚಾಪೆಯ ಮೇಲೆ ನೇತಾಡಿತು.

"ಕೊನೇ ಸೆಮಿಸ್ಟರಿನಲ್ಲಿ ಬಾಕಿ ಇರೋ ವಿಷಯ ಮಾತ್ರ. ಕಾನೂನು ಬಿಟ್ಟಿದೆ. ನೀವೂ ಬಿಡಿ."

"ಅದಕ್ಕೊಂದು ಸಮಿತಿ ಮಾಡೋಣ."

"ಮಾಡಿ. ಅಲ್ಲಿವರೆಗೂ ಮಲಗಿರ್ತೀನಿ."

"ನೋಡಮ್ಮ, ಇದು ಸರಿಯಾದ ವಿಧಾನ ಅಲ್ಲ. ಅರ್ಜಿ ಕೊಡಿ."

"ಅರ್ಜಿ ಕೊಟ್ಟಾಗ ಪೆಪ್ಪರ್‌ಮೆಂಟು ಕೊಟ್ರು ಸಾರ್."

ಅವಳ ದನಿ ಏರಲಿಲ್ಲ. ಕಣ್ಣು ಚಾವಣಿಯ ಮೇಲಿತ್ತು. "ನಮ್ಮಪ್ಪ ಮಲದ ಗುಂಡೀಲಿ ಸತ್ತ. ಆ ಗುಂಡಿಗೆ ಯಾರೂ ಇಳೀಬಾರ್ದು ಅಂತ ನಾನು ಓದೋಕೆ ಬಂದೆ. ನೀವು ನನ್ನ ಹತ್ರ ದುಡ್ಡು ತಗೊಂಡು ನನ್ನ ಹೊತ್ತನ್ನ ಚಾಪೆ ಮೇಲೆ ಚೆಲ್ಲಿಸಿದ್ರಿ. ನಿದ್ದೆ ಬಂದ್ರೆ ಬೈದ್ರಿ. ಬೂಟಿನ ಪಕ್ಕ ಹಾಕಿದ್ರಿ. ಈಗ ಏಳು ಅಂತೀರಿ. ಏಳಲ್ಲ."

ನಿದ್ದೆಯಲ್ಲಿದ್ದವರು ಒಬ್ಬೊಬ್ಬರಾಗಿ ಕಣ್ಣು ಬಿಟ್ಟಿದ್ದರು. ಯಾರೂ ಮಿಸುಕಲಿಲ್ಲ. ಗೊರಕೆ ನಿಂತ ಸಭಾಂಗಣದಲ್ಲಿ ಅವಳ ಮಾತು ಎಲ್ಲರಿಗೂ ಕೇಳಿಸುತ್ತಿತ್ತು.

"ಏನಂತೆ ಅವರಿಗೆ?" ಅಂದ ಹಾಸಿಗೆ ಯಜಮಾನ.

ಡೀನ್ ಎದ್ದರು. ಮಂಡಿ ಲಟಕ್ಕೆಂದಿತು. ಮೈಕಿನ ಹತ್ತಿರ ಹೋದರು. ನೀರು ಕುಡಿದರು. ಹೊರದೇಶದ ವಿದ್ಯಾರ್ಥಿಗಳ ಆಯಾಸವನ್ನು ಗಮನದಲ್ಲಿಟ್ಟುಕೊಂಡು, ಕೊನೆಯ ಸೆಮಿಸ್ಟರಿನವರಿಗೆ ಬಾಕಿ ಇರುವ ವಿಷಯಗಳಷ್ಟೇ ಸಾಕೆಂದು ವಿಶ್ವವಿದ್ಯಾಲಯ ಸಂತೋಷದಿಂದ ತೀರ್ಮಾನಿಸಿದೆ ಎಂದರು. ಸಂತೋಷದಿಂದ ಅನ್ನುವಾಗ ಕೆಮ್ಮು ಬಂತು. ಯಜಮಾನ ಮತ್ತೆ ಚಪ್ಪಾಳೆ ತಟ್ಟಿದ. ಪತ್ರಿಕೆಯವರು ಬರೆದುಕೊಂಡರು. ಬರೆದುಕೊಂಡದ್ದರಿಂದಲೇ ಆ ಮಾತು ಉಳಿಯಿತು ಅಂತ ಈಗಲೂ ಅಂದುಕೊಳ್ಳುತ್ತೇನೆ.

ಆಗ ಅತ್ತಿಗೆ ಎದ್ದಳು. ಎದ್ದು ತನ್ನ ಚಾಪೆಯನ್ನು ಸುತ್ತಿ, ಮೇಷ್ಟ್ರ ಕೈಗೆ ಕೊಟ್ಟಳು. ಅವರು ತೆಗೆದುಕೊಂಡರು. ಇನ್ನೇ‌ನು ಮಾಡಿಯಾರು?

ಅವಳ ಯಂತ್ರ ಮುಗಿಯಿತು. ಓದೂ ಮುಗಿಯಿತು. ಊರಿಗೆ ಹೋದ ಮೇಲೆ ಒಂದು ದಿನ ವೀಡಿಯೋ ಫೋನು ಮಾಡಿದ್ದಳು. ಬೀದಿಯ ಮಧ್ಯೆ ಮ್ಯಾನ್‌ಹೋಲು ತೆರೆದಿತ್ತು. ಯಂತ್ರದ ತೋಳು ಅದರೊಳಗೆ ಇಳಿದು ಕೆಸರು ಮೊಗೆಯುತ್ತಿತ್ತು. ಎರಡು ಸಲ ಕೈಕೊಟ್ಟಿತು, ಮೂರನೇ ಸಲ ಸರಿಹೋಯಿತು. ಸುತ್ತ ನಿಂತವರೆಲ್ಲ ನಮ್ಮವರು, ಎಲ್ಲರ ಬಟ್ಟೆಯೂ ಒಣಗಿತ್ತು. ಪುಟ್ಟಿ ಅಣ್ಣನ ಹೆಗಲ ಮೇಲಿತ್ತು. ಅಮ್ಮ ಗುಂಡಿಯೊಳಗೆ ಬಗ್ಗಿ ನೋಡಿ, "ಒಳಗೆ ಯಾರೂ ಇಲ್ವಲ್ಲೇ," ಅಂತ ಸೊಸೆಗೆ ಹೇಳುತ್ತಿದ್ದಳು. ಎರಡು ಮೂರು ಸಲ ಅದನ್ನೇ ಹೇಳಿದಳು.

ನಾನಿನ್ನೂ ಇಲ್ಲೇ ಇದ್ದೇನೆ. ನನ್ನದು ಕೊನೆಯ ಸೆಮಿಸ್ಟರಲ್ಲ, ಹಾಗಾಗಿ ನಾಲ್ಕು ವಿಷಯದ ಹೊರೆ ತಪ್ಪಿಲ್ಲ. ನಿಯಮ ನಿಂತಲ್ಲೇ ನಿಂತಿದೆ, ಅದರ ಒಂದು ಮೂಲೆ ಮಾತ್ರ ಮುರಿದಿದೆ. ಈ ಸಲ ವಿಶ್ರಾಂತಿ ವಿದ್ಯೆಯನ್ನು ತೆಗೆದುಹಾಕಿದ್ದಾರೆ. ಮಲಗಿಸಿದರೆ ಅಪಾಯ ಅಂತ ಗೊತ್ತಾಗಿರಬೇಕು. ಅದರ ಜಾಗದಲ್ಲಿ ಓಟದ ತರಗತಿ ಇಟ್ಟಿದ್ದಾರೆ. ಫೀಸು ಅದೇ ಮೂರರಷ್ಟು. ಹೊರೆ ತುಂಬಿಸಲು ನಾನು ಸೇರಿದೆ. ಬೇಕರಿಯವನು ಸೇರಿದ, ಸೆಕ್ಯುರಿಟಿಯವನು ಸೇರಿದ, ಲಾಂಡ್ರಿಯ ಹೆಂಗಸರೆಲ್ಲ ಸೇರಿದರು.

ಇವತ್ತು ಮೊದಲ ತರಗತಿ ಇತ್ತು. ಓಟದ ಮೇಷ್ಟ್ರು ಹೊಸಬರು, ಪಾಪ, ಯಾರೂ ಅವರಿಗೆ ಏನೂ ಹೇಳಿರಲಿಲ್ಲ. ಮೈದಾನದ ಅಂಚಿನಲ್ಲಿ ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ, ಶಿಳ್ಳೆ ಊದಿ, ಓಡಿ ಅಂದರು.

ಓಡಿದೆವು. ಮೈದಾನ ದಾಟಿದೆವು. ಅವರು ನಿಲ್ಲಿ ಅಂತ ಶಿಳ್ಳೆ ಊದಿದರು. ಬೇಕರಿಯವನು ನನ್ನ ಮುಖ ನೋಡಿ ನಕ್ಕ. ಗೇಟು ದಾಟಿ, ಕ್ಯಾಂಟೀನು ದಾಟಿ, ಆಡಳಿತ ಕಚೇರಿಯ ಮೆಟ್ಟಿಲು ಹತ್ತಿ ಡೀನ್ ಕೋಣೆಯ ಬಾಗಿಲು ದೂಡಿಕೊಂಡು ಅಷ್ಟೂ ಜನ ಒಳಗೆ ನುಗ್ಗಿದೆವು.

ಡೀನ್ ನಮ್ಮನ್ನು ಕಂಡವರೇ ಕುರ್ಚಿಯಿಂದ ಎದ್ದರು. ಬಗ್ಗಬೇಕಾದ ನೆಲವನ್ನೊಮ್ಮೆ ನೋಡಿದರು. ಟೈಯನ್ನು ಅಂಗಿಯ ಒಳಗೆ ತುರುಕಿಕೊಂಡರು.